ಒಂದೇ ಔಷಧಿ, ಮೂರು ಪ್ಲೇಟು, ಎರಡು ಉತ್ತರ

ಆಸ್ತಮಾ ಇರುವವರಿಗೆ ಸಾಲ್ಮೆಟರಾಲ್ ಹೆಸರು ಗೊತ್ತಿರುತ್ತದೆ. ಒಮ್ಮೆ ಎಳೆದುಕೊಂಡರೆ ಸುಮಾರು 12 ಗಂಟೆ ಶ್ವಾಸನಾಳ ಸಡಿಲವಾಗಿರುತ್ತದೆ. ಇದನ್ನೇ ಬೆಂಗಳೂರಿನ ನಮ್ಮ ಲ್ಯಾಬಿನಲ್ಲಿ ಮೂರು ಬಗೆಯ ಪರೀಕ್ಷೆಗೆ ಹಾಕಿ ನೋಡಿದೆ. ಎರಡರಲ್ಲಿ ಅದು ಜೋರು, ಮೂರನೆಯದರಲ್ಲಿ ಅರೆಬರೆ. ಮೂರರಲ್ಲೂ ಸೆಲ್ ಹೆಚ್‌ಇಕೆ-293 (ಮನುಷ್ಯನ ಭ್ರೂಣದ ಮೂತ್ರಪಿಂಡದಿಂದ ಬಂದು ಲ್ಯಾಬಿನಲ್ಲಿ ಬೆಳೆಯುವ ಜೀವಕೋಶ), ರಿಸೆಪ್ಟರ್ ಬೀಟಾ-2. ಪುಡಿ ತೆಗೆದದ್ದೂ ಒಂದೇ ಬಾಟಲಿಯಿಂದ.

ಬೀಟಾ-2 ಅಂದರೆ ಅಡ್ರಿನಲಿನ್‌ಗಾಗಿ ಜೀವಕೋಶದ ಪೊರೆಯಲ್ಲಿ ಕಾದು ಕೂತಿರುವ ಪ್ರೋಟೀನ್. ಅದಕ್ಕೆ ಅಡ್ರಿನಲಿನ್ ಅಂಟಿದರೆ ಒಳಗಿನ ಜಿ-ಪ್ರೋಟೀನ್ ಎಚ್ಚರವಾಗಿ, ಸೆಲ್ ಒಳಗೆ ಸುದ್ದಿ ಮುಟ್ಟಿಸುವ ಸೈಕ್ಲಿಕ್ ಎಎಂಪಿ ಅನ್ನುವ ಅಣು ತಯಾರಾಗುತ್ತದೆ. ಆಮೇಲೆ ಬೀಟಾ-ಅರೆಸ್ಟಿನ್ ಅನ್ನುವ ಇನ್ನೊಂದು ಪ್ರೋಟೀನ್ ಬಂದು ರಿಸೆಪ್ಟರಿನ ಬಾಲ ಹಿಡಿದು "ಇನ್ನು ಸಾಕು" ಅನ್ನುತ್ತದೆ. ಇಂಥ ರಿಸೆಪ್ಟರ್‌ಗಳ ಮೇಲಿನ ಕೆಲಸಕ್ಕೇ ಲೆಫ್ಕೊವಿಟ್ಜ್ ಮತ್ತು ಕೊಬಿಲ್ಕಾ ಅವರಿಗೆ 2012ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ನಾನು ಬಳಸಿದ ಪರೀಕ್ಷೆಗಳಲ್ಲಿ ಎರಡು ಸೈಕ್ಲಿಕ್ ಎಎಂಪಿ ಅಳೆಯುತ್ತವೆ, ಒಂದು ಅರೆಸ್ಟಿನ್ ಅಳೆಯುತ್ತದೆ.

ಮೊದಲನೆಯದು ಟಿಆರ್-ಫ್ರೆಟ್. ಸೆಲ್‌ಗೆ ಔಷಧಿ ಹಾಕಿ, ಅರ್ಧ ಗಂಟೆ ಬಿಟ್ಟು, ಸೆಲ್ ಒಡೆದು, ಯುರೋಪಿಯಂ ಅಂಟಿಸಿದ ಆಂಟಿಬಾಡಿ ಸೇರಿಸಿ ಬೆಳಕು ಓದುವುದು. ಇಲ್ಲಿ ಒಂದು ತಮಾಷೆ ಇದೆ. ಸೈಕ್ಲಿಕ್ ಎಎಂಪಿ ಹೆಚ್ಚಾದಷ್ಟೂ ಸಿಗ್ನಲ್ ಇಳಿಯುತ್ತದೆ. ಮೊದಲ ವಾರ ನಾನು ಗ್ರಾಫ್ ತಲೆಕೆಳಗಾಗಿ ಓದಿ, ಔಷಧಿ ಕೆಲಸವೇ ಮಾಡಿಲ್ಲ ಅಂತ ಮೀಟಿಂಗ್‌ನಲ್ಲಿ ಹೇಳಿ ಬಂದಿದ್ದೆ. ಎರಡನೆಯ ತಪ್ಪು ಸೆಲ್‌ಗಳ ಲೆಕ್ಕದ್ದು. ಪ್ಲೇಟಿನ ಒಂದೊಂದು ಗುಳಿಯೊಳಗೆ 10,000 ಸೆಲ್ ಸುರಿದೆ. ಸಿಗ್ನಲ್ ಎಲ್ಲಾ ಕಡೆ ತಳ ಕಂಡಿತು. 2,000ಕ್ಕೆ ಇಳಿಸಿದ ಮೇಲೆ ಕರ್ವ್ ಸರಿಯಾಗಿ ಬಂತು. ಇದರ ದೊಡ್ಡ ಗುಣ ಅಂದರೆ 665 ಮತ್ತು 620 ನ್ಯಾನೋಮೀಟರ್ ತರಂಗಾಂತರದ ಬೆಳಕು ಎರಡನ್ನೂ ಓದಿ ಒಂದನ್ನು ಇನ್ನೊಂದರಿಂದ ಭಾಗಿಸುತ್ತೇವೆ. ಪಿಪೆಟ್ ಸ್ವಲ್ಪ ಆಚೀಚೆ ಆದರೂ ಅಷ್ಟಾಗಿ ಕಾಡುವುದಿಲ್ಲ. ಆದರೆ ಸಿಗುವುದು ಒಂದೇ ಫೋಟೋ, ಸಿನಿಮಾ ಅಲ್ಲ.

ಸಿನಿಮಾ ಬೇಕಾದರೆ ಲೂಸಿಫರೇಸ್ ಸೆನ್ಸರ್. ಮಿಂಚುಹುಳದ ಕಿಣ್ವಕ್ಕೆ ಸೈಕ್ಲಿಕ್ ಎಎಂಪಿ ಹಿಡಿಯುವ ತುಂಡೊಂದನ್ನು ಜೋಡಿಸಿ ಸೆಲ್ ಒಳಗೆ ಕೂರಿಸಿರುತ್ತಾರೆ. ಬದುಕಿರುವ ಸೆಲ್ ಬೆಳಗುವುದನ್ನು ನಿಮಿಷ ನಿಮಿಷ ನೋಡಬಹುದು. ಅಡ್ರಿನಲಿನ್ ಹಾಗೇ ರಿಸೆಪ್ಟರನ್ನು ಪೂರ್ತಿ ಬಲದಿಂದ ಎಬ್ಬಿಸುವ ಐಸೊಪ್ರೊಟೆರೆನಾಲ್ ಹಾಕಿದ ಕೆಲವೇ ನಿಮಿಷದಲ್ಲಿ ಗೆರೆ ಸರ್ರನೆ ಏರಿ, ಆಮೇಲೆ ತಾನೇ ಇಳಿಯತೊಡಗಿತು. ಸಾಲ್ಮೆಟರಾಲ್ ಗೆರೆ ಸೋಮಾರಿಯ ಹಾಗೆ ನಿಧಾನವಾಗಿ ಮೇಲೆ ಬಂದು ಅಲ್ಲೇ ಕೂತಿತು. ಮಧ್ಯದಲ್ಲೇ ರಿಸೆಪ್ಟರನ್ನು ತಡೆಯುವ ಬ್ಲಾಕರ್ ಪ್ರೊಪ್ರನೊಲಾಲ್ ಹಾಕಿದರೆ ಐಸೊಪ್ರೊಟೆರೆನಾಲ್ ಗೆರೆ ಕಣ್ಣೆದುರೇ ಬಿತ್ತು. ಇದನ್ನು ನೋಡಿದ ದಿನ ನಾನು ಊಟಕ್ಕೆ ಎದ್ದಿದ್ದು ಮೂರು ಗಂಟೆಗೆ.

ಇದರ ಕಾಟವೂ ಕಡಿಮೆಯಿಲ್ಲ. ಆ ಕಿಣ್ವ ಬೆಳಗಲು ಬೇಕಾದ ಲೂಸಿಫೆರಿನ್ ಸೆಲ್ ಒಳಗಿಳಿಯಲು 2 ಗಂಟೆ ಕಾಯಬೇಕು. ತಾಪಮಾನ ಸ್ವಲ್ಪ ಬದಲಾದರೂ ಬೆಳಕು ಬದಲಾಗುತ್ತದೆ. ಕರೆಂಟ್ ಹೋದಾಗ ಯುಪಿಎಸ್ ಮೇಲೆ ರೀಡರ್ ಓಡಿತು, ಎಸಿ ಓಡಲಿಲ್ಲ. ಅವತ್ತಿನ ಪ್ಲೇಟಿನ ಗೆರೆಗಳೆಲ್ಲ ಒಂದೇ ಕಡೆ ವಾಲಿದ್ದವು. ಇನ್ನೊಂದು ಮೋಸ, ಕೆಲವು ರಾಸಾಯನಿಕಗಳು ರಿಸೆಪ್ಟರನ್ನು ಮುಟ್ಟುವುದೇ ಇಲ್ಲ, ಸುಮ್ನೆ ಲೂಸಿಫರೇಸನ್ನು ತಡೆಯುತ್ತವೆ. ನೋಡಿದರೆ ಒಳ್ಳೆ ಬ್ಲಾಕರ್ ಸಿಕ್ಕಿತು ಅನ್ನಿಸುತ್ತದೆ. ಅದಕ್ಕೆ ಫೋರ್ಸ್ಕೋಲಿನ್ ಪ್ಲೇಟು ಜೊತೆಗಿರಬೇಕು. ನಮ್ಮಲ್ಲೂ ರೈತರು ಬೆಳೆಯುವ ಕೋಲಿಯಸ್ ಬೇರಿನಿಂದ ಬರುವ ಇದು ರಿಸೆಪ್ಟರ್ ಇಲ್ಲದೆಯೇ ಸೈಕ್ಲಿಕ್ ಎಎಂಪಿ ಏರಿಸುತ್ತದೆ. ಇಲ್ಲೂ ಬೆಳಕು ಕುಗ್ಗಿದರೆ ಆ ಬ್ಲಾಕರ್ ಮೇಲೆ ಅನುಮಾನ ಪಡಲೇಬೇಕು.

ಯಾವ ಪರೀಕ್ಷೆಯಾದರೂ ಐಸೊಪ್ರೊಟೆರೆನಾಲ್ ಅನ್ನು ಬಳಸುವ ಹೊತ್ತಿಗೇ ಕರಗಿಸಿಕೊಳ್ಳಿ. ಬೆಳಿಗ್ಗೆ ಕರಗಿಸಿಟ್ಟದ್ದು ಮಧ್ಯಾಹ್ನಕ್ಕೆ ತಿಳಿ ಗುಲಾಬಿ ಆಗಿತ್ತು. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವುದಕ್ಕೂ ಇದಕ್ಕೂ ನೆಂಟಸ್ತಿಕೆ ಇದೆ, ಎರಡರಲ್ಲೂ ಕೆಡುವುದು ಕ್ಯಾಟಿಕಾಲ್ ಮಾದರಿಯ ರಚನೆಯೇ. ಚಿಟಿಕೆ ಆಸ್ಕಾರ್ಬಿಕ್ ಆಸಿಡ್ ಹಾಕಿದರೆ ಸ್ವಲ್ಪ ಹೊತ್ತು ತಡೆಯುತ್ತದೆ. ಸಾಲ್ಮೆಟರಾಲ್‌ಗೆ ಆ ರಚನೆ ಇಲ್ಲ, ಅದರ ತಂಟೆಯೂ ಇಲ್ಲ.

ಮೂರನೆಯದು ಅರೆಸ್ಟಿನ್ ಪರೀಕ್ಷೆ. ಬೀಟಾ-ಗ್ಯಾಲಕ್ಟೊಸಿಡೇಸ್ ಕಿಣ್ವದ ಸಣ್ಣ ತುಂಡು ರಿಸೆಪ್ಟರಿನ ಬಾಲದಲ್ಲಿ, ದೊಡ್ಡ ತುಂಡು ಅರೆಸ್ಟಿನ್‌ನಲ್ಲಿ. ಇಬ್ಬರೂ ಹತ್ತಿರ ಬಂದರೆ ಕಿಣ್ವ ಪೂರ್ತಿಯಾಗಿ ಬೆಳಕು ಕೊಡುತ್ತದೆ. ಸೆಲ್ ದುಬಾರಿ, ಸಿಗ್ನಲ್ ಮಂದ. ಕಾರ್ವೆಡಿಲಾಲ್ ಬ್ಲಾಕರ್ ಆದರೂ ಅರೆಸ್ಟಿನ್ ಅನ್ನು ಸ್ವಲ್ಪ ಕರೆಯುತ್ತದೆ ಅಂತ ಓದಿದ್ದೆ. ನನ್ನ ಪ್ಲೇಟಿನಲ್ಲಿ ಅದು ಗದ್ದಲದೊಳಗೆ ಮುಳುಗಿಹೋಯಿತು. ಕಿಟ್ ಬರುವುದೂ ಹೊರದೇಶದಿಂದ. ಒಂದು ಸಲ ಡಬ್ಬಿ ತೆರೆದರೆ ಡ್ರೈ ಐಸ್ ಪೂರಾ ಆವಿಯಾಗಿ ಖಾಲಿ ಥರ್ಮೋಕೋಲ್ ನಕ್ಕ ಹಾಗಿತ್ತು.

ಸಾಲ್ಮೆಟರಾಲ್ ಅರೆಬರೆ ಅಂತ ಬಂದದ್ದು ಇಲ್ಲೇ. ಮೊದಲು ಕಿಟ್ ಕೆಟ್ಟಿದೆ ಅಂದುಕೊಂಡೆ. ಹಾಗಲ್ಲ. ತೂಬು ಅರ್ಧ ತೆರೆದರೂ ಸಣ್ಣ ಕಾಲುವೆ ತುಂಬಿಯೇ ಹರಿಯುತ್ತದೆ, ಅಲ್ವಾ? ಕಾಲುವೆ ನೋಡಿ ತೂಬು ಎಷ್ಟು ತೆರೆದಿದೆ ಅಂತ ಹೇಳಲಾಗದು. ಸೈಕ್ಲಿಕ್ ಎಎಂಪಿ ಆ ಕಾಲುವೆ. ರಿಸೆಪ್ಟರ್ ಜಾಸ್ತಿ ತುಂಬಿದ ಸೆಲ್‌ನಲ್ಲಿ ಅರ್ಧ ಬಲದ ಔಷಧಿಯೂ ಪೂರ್ತಿ ಬಲದ್ದಾಗಿ ಕಾಣುತ್ತದೆ. ಅರೆಸ್ಟಿನ್‌ನಲ್ಲಿ ಒಂದು ರಿಸೆಪ್ಟರಿಗೆ ಒಂದೇ ಅರೆಸ್ಟಿನ್. ಅದು ತೂಬನ್ನೇ ಅಳೆದ ಹಾಗೆ.

ಇವೆಲ್ಲ ಬೀಟಾ-2ಕ್ಕೆ. ಅಡ್ರಿನಲಿನ್‌ನ ಇನ್ನೊಂದು ರಿಸೆಪ್ಟರ್ ಆಲ್ಫಾ-2 ಆದರೆ ಸೈಕ್ಲಿಕ್ ಎಎಂಪಿ ಇಳಿಯುವುದರಿಂದ ಮೊದಲು ಫೋರ್ಸ್ಕೋಲಿನ್ ಹಾಕಿ ಏರಿಸಿಕೊಳ್ಳಬೇಕು. ಆಲ್ಫಾ-1 ಸೆಲ್ ಒಳಗೆ ಕ್ಯಾಲ್ಸಿಯಂ ಏರಿಸುವುದರಿಂದ ಅದಕ್ಕೆ ಕ್ಯಾಲ್ಸಿಯಂ ತೋರಿಸುವ ಡೈ.

ನನ್ನ ಆಯ್ಕೆ ಕೇಳಿದರೆ, ನೂರಾರು ಸ್ಯಾಂಪಲ್ ಜರಡಿ ಹಿಡಿಯಲು ಟಿಆರ್-ಫ್ರೆಟ್. ಹೊಸ ಔಷಧಿಯ ಮೊದಲ ಪರಿಚಯಕ್ಕೆ ಲೂಸಿಫರೇಸ್, ಒಂದೇ ದಿನವಾದರೂ ಸರಿ. ಅರೆಸ್ಟಿನ್ ಪರೀಕ್ಷೆ ಕೊನೆಯಲ್ಲಿ ಉಳಿದ ನಾಲ್ಕೈದಕ್ಕೆ ಮಾತ್ರ.

ಈ ಮೂರಕ್ಕಿಂತ ಅಗ್ಗದ ಉಪಾಯವೂ ಒಂದಿತ್ತು, ಅದು ತಡವಾಗಿ ಹೊಳೆಯಿತು. ಆರಂಭದಲ್ಲಿ ಕಂಟ್ರೋಲ್‌ಗೆ ಅಂತ ಬೀಟಾ-2 ಜೀನ್ ಹಾಕದ ಬರಿ ಹೆಚ್‌ಇಕೆ ಇಟ್ಟಿದ್ದೆ. ಅದೂ ಐಸೊಪ್ರೊಟೆರೆನಾಲ್‌ಗೆ ಸ್ಪಂದಿಸಿ ನನಗೆ ಅರ್ಧ ದಿನ ತಲೆ ಕೆಡಿಸಿತ್ತು. ಹೆಚ್‌ಇಕೆಗೆ ತನ್ನದೇ ಬೀಟಾ-2 ಸ್ವಲ್ಪ ಇರುತ್ತದೆ. ಬೀಟಾ-2 ಬ್ಲಾಕರ್ ಐಸಿಐ 118,551 ಹಾಕಿದ ಮೇಲೆ ಆ ಸ್ಪಂದನೆ ನಿಂತಿತು. ಕೆಲಸಕ್ಕೆ ಬಾರದ ಸೆಲ್ ಅಂತ ಬದಿಗಿಟ್ಟಿದ್ದೆ. ಆದರೆ ಅದರಲ್ಲಿ ರಿಸೆಪ್ಟರ್ ಕಡಿಮೆ, ಅರ್ಧ ತೆರೆದ ತೂಬಿಗೆ ಕಾಲುವೆ ತುಂಬುವುದಿಲ್ಲ. ಮೊನ್ನೆ ಅದನ್ನೇ ಎತ್ತಿಕೊಂಡು ಸಾಲ್ಮೆಟರಾಲ್ ಹಾಕಿ ಟಿಆರ್-ಫ್ರೆಟ್ ಮಾಡಿದೆ. ಸೈಕ್ಲಿಕ್ ಎಎಂಪಿ ಲೆಕ್ಕದಲ್ಲಿ ಐಸೊಪ್ರೊಟೆರೆನಾಲ್ ಮೇಲೆ ಹೋಯಿತು, ಸಾಲ್ಮೆಟರಾಲ್ ತುಂಬಾ ಕೆಳಗೇ ನಿಂತಿತು. ಅರೆಸ್ಟಿನ್ ಕಿಟ್ ಹೇಳಿದ್ದನ್ನೇ ಇದೂ ಹೇಳಿತು.