ಹಿತ್ತಾಳೆ, 304, 439: ಜ್ಯೂಸ್ ಹೀಟರಿಗೆ ಯಾವ ಟ್ಯೂಬ್?

ಸಕ್ಕರೆ ಕಾರ್ಖಾನೆಯ ಜ್ಯೂಸ್ ಹೀಟರಿನಲ್ಲಿ ಟ್ಯೂಬುಗಳ ಒಳಗೆ ಕಬ್ಬಿನ ರಸ ಹರಿಯುತ್ತದೆ, ಹೊರಗಿನ ಆವಿ ಅದನ್ನು ಕಾಯಿಸುತ್ತದೆ. ಅದಕ್ಕೆ ಹೊಸ ಟ್ಯೂಬ್ ಹಾಕುವ ಮಾತು ಬಂದಾಗಲೆಲ್ಲ ಮೊದಲು ತೆರೆಯುವುದು ಉಷ್ಣವಾಹಕತೆಯ ಪಟ್ಟಿ. ಹಿತ್ತಾಳೆಗೆ ಸುಮಾರು 110 (ವ್ಯಾಟ್/ಮೀಟರ್-ಕೆಲ್ವಿನ್), 439 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿಗೆ 24ರ ಆಸುಪಾಸು, 304 ದರ್ಜೆಯದಕ್ಕೆ ಬರೀ 16. ಬೆಳಗಾವಿ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ಮೂರನ್ನೂ ಅಕ್ಕಪಕ್ಕದ ಹೀಟರುಗಳಲ್ಲಿ ಓಡಿಸಿದ ಮೇಲೆ ಆ ಪಟ್ಟಿಗೆ ನಾನು ಅಷ್ಟು ಬೆಲೆ ಕೊಡುವುದಿಲ್ಲ.

ಟ್ಯೂಬಿನ ದಪ್ಪ 1.2 ಮಿಲಿಮೀಟರ್. ಹಿತ್ತಾಳೆಯ ಬದಲು 304 ಹಾಕಿದರೆ ಶಾಖ ದಾಟಲು ಇರುವ ಒಟ್ಟು ಅಡ್ಡಿ ನಮ್ಮ ಲೆಕ್ಕದಲ್ಲಿ ನೂರಕ್ಕೆ ಆರರಷ್ಟು ಹೆಚ್ಚುತ್ತದೆ. ಒಳಗೆ ಅರ್ಧ ಮಿಲಿಮೀಟರ್ ಸ್ಕೇಲ್ (ರಸದಿಂದ ಕೂರುವ ಗಟ್ಟಿ ಕಿಟ್ಟ) ಕಟ್ಟಿದರೆ ಅದರ ಹಲವು ಪಟ್ಟು ಅಡ್ಡಿ. ಹಂಗಾಮಿನ ಆರಂಭದಲ್ಲಿ ಹಿತ್ತಾಳೆಯ ಹೀಟರ್ ಕೊಂಚ ಮುಂದಿರುತ್ತಿತ್ತು; ಸ್ಕೇಲ್ ಕೂರುತ್ತಿದ್ದಂತೆ ಮೂರರಿಂದಲೂ ಹೊರಬರುವ ರಸದ ಬಿಸಿ ಹೆಚ್ಚುಕಡಿಮೆ ಒಂದೇ.

ಹಾಗಾಗಿ ನೋಡಬೇಕಾದದ್ದು ಟ್ಯೂಬು ಶುಚಿಕಾರ್ಯವನ್ನು ಹೇಗೆ ತಾಳಿಕೊಳ್ಳುತ್ತದೆ ಎಂಬುದನ್ನು. ಕಾಸ್ಟಿಕ್ ಸೋಡಾ ಕುದಿಸಿ, ಆಮೇಲೆ ಸ್ಕೇಲ್ ಕೆರೆದು ತೆಗೆಯುವ ಕಟರ್ ಓಡಿಸುತ್ತೇವೆ. ಹಿತ್ತಾಳೆ ಮೆದು, ಕಟರ್ ಪ್ರತಿ ಸಲವೂ ಲೋಹವನ್ನು ಕೆರೆಯುತ್ತದೆ. ಹೊರಮೈಯನ್ನು ರಸದ ಆವಿಯಲ್ಲಿರುವ ಅಮೋನಿಯಾ ತಿನ್ನುತ್ತದೆ. ಅನಿಲ ಹೊರಬಿಡುವ ಕೊಳವೆಯ ಬಳಿಯ ಟ್ಯೂಬುಗಳೇ ಮೊದಲು ತೂತಾಗುತ್ತಿದ್ದವು. ಗುಜರಿಯಲ್ಲಿ ಒಳ್ಳೆಯ ಬೆಲೆ ಸಿಗುತ್ತದೆ, ನಿಜ. ಆದರೆ ನಡು ಹಂಗಾಮಿನಲ್ಲಿ ಹೀಟರ್ ನಿಂತರೆ ರೈತರ ಕಬ್ಬು ಗಾಡಿಯಲ್ಲೇ ಒಣಗಿ ತೂಕ ಕಳೆದುಕೊಳ್ಳುತ್ತದೆ. ಆ ನಷ್ಟವನ್ನು ಯಾವ ಗುಜರಿಯೂ ತುಂಬಿಕೊಡದು.

304 ಕಟರಿಗೂ ಅಮೋನಿಯಾಕ್ಕೂ ಜಗ್ಗುವುದಿಲ್ಲ. ಅದರ ವೈರಿ ಕ್ಲೋರೈಡ್. ಹೈಡ್ರೋಕ್ಲೋರಿಕ್ ಆಮ್ಲದಿಂದ ತೊಳೆಯುವ ಹಳೆಯ ರೂಢಿ ಇರುವಲ್ಲಿ ಸ್ಟೇನ್‌ಲೆಸ್ ಹಾಕಲೇಬಾರದು. ಜೊತೆಗೆ, ಹಿತ್ತಾಳೆಯಂತೆ ಇದೂ ಸಾದಾ ಉಕ್ಕಿನ ಕವಚಕ್ಕಿಂತ ಹೆಚ್ಚು ಹಿಗ್ಗುತ್ತದೆ. ಕಾದು ತಣಿದು ಕಾದು, ಟ್ಯೂಬುಗಳ ತುದಿ ಕೂರುವ ಟ್ಯೂಬ್ ಪ್ಲೇಟಿನಲ್ಲಿ ಬಿಗಿದ ಜಾಗ ಸಡಿಲಗೊಂಡು ರಸ ಜಿನುಗುತ್ತದೆ. ಫಿಟ್ಟರ್ ಮತ್ತೆ ತುದಿ ಹಿಗ್ಗಿಸಿ ಬಿಗಿಮಾಡುವ ಎಕ್ಸ್‌ಪಾಂಡರ್ ಹಿಡಿಯಬೇಕು.

439 ಹಿಗ್ಗುವುದು ಹೆಚ್ಚುಕಡಿಮೆ ಸಾದಾ ಉಕ್ಕಿನಷ್ಟೇ. ನಮ್ಮಲ್ಲಿ ಅತಿ ಕಡಿಮೆ ಸೋರಿದ್ದು ಈ ಹೀಟರ್. ನಿಕಲ್ ಇಲ್ಲವೆನ್ನುವಷ್ಟು ಕಡಿಮೆ ಇರುವುದರಿಂದ ನಿಕಲ್ ಬೆಲೆ ಏರಿದಾಗ ಇದರ ಬೆಲೆ 304ರಂತೆ ಜಿಗಿಯುವುದಿಲ್ಲ. ಅಯಸ್ಕಾಂತ ಅಂಟುತ್ತದೆಂದು ಕೆಲವರು ಇದನ್ನು ಕಳಪೆ ಮಾಲೆನ್ನುತ್ತಾರೆ. ಅದು ಈ ಜಾತಿಯ ಉಕ್ಕಿನ ಹುಟ್ಟುಗುಣ, ದೋಷವಲ್ಲ.

ಹಿತ್ತಾಳೆ ಇನ್ನೂ ಗಟ್ಟಿಯಾಗಿದ್ದರೆ ಕೀಳಬೇಡಿ. ಹೊಸದಾಗಿ ಹಾಕುವುದಾದರೆ 439 ತರಿಸಿ. ಹಂಗಾಮು ಮುಗಿದೊಡನೆ ಶುದ್ಧ ನೀರಿನಲ್ಲಿ ತೊಳೆದು, ಪೂರ್ತಿ ಬಸಿದು, ಎರಡೂ ಕಡೆಯ ಬಾಗಿಲು ತೆಗೆದು ಒಣಗಿಸಿ. ಒಳಗೆ ಒದ್ದೆ ಉಳಿದರೆ 304ರಂತೆ ಇದರಲ್ಲೂ ಗುಳಿ ಬೀಳುತ್ತದೆ.