ಕಾಸರಗೋಡಿನ ಅಂಗಡಿಯಲ್ಲಿ ಸಿಕ್ಕ ಹಳೆಯ ರೈಲು ನಕ್ಷೆ

ಕಾಸರಗೋಡು ಪೇಟೆಯ ಹಳೆಯ ವಸ್ತುಗಳ ಅಂಗಡಿಯೊಂದರಲ್ಲಿ ಕಳೆದ ತಿಂಗಳು ನಾನು ಕೊಂಡದ್ದು ಅಮೆರಿಕದ ಇಲಿನಾಯ್ ರಾಜ್ಯದ ರೈಲು ನಕ್ಷೆ. ಮುದ್ರಿಸಿದವರು ಶಿಕಾಗೋದ ರಾಂಡ್ ಮೆಕ್‌ನಾಲಿ ಕಂಪನಿಯವರು. ರೈಲು ಟಿಕೆಟುಗಳನ್ನೂ ವೇಳಾಪಟ್ಟಿಗಳನ್ನೂ ಅಚ್ಚು ಹಾಕುತ್ತಿದ್ದ ಈ ಕಂಪನಿ ಮೊದಲ ನಕ್ಷೆಯನ್ನು ಹೊರತಂದದ್ದು 1872ರಲ್ಲಿ. ತಾಮ್ರದ ತಗಡಿಗೆ ಬಳಿದ ಮೇಣದಲ್ಲಿ ಗೆರೆಗಳನ್ನು ಕೊರೆದು, ಊರುಗಳ ಹೆಸರನ್ನು ಅಚ್ಚುಮೊಳೆಗಳಿಂದಲೇ ಒತ್ತಿ, ಅದರಿಂದ ಮುದ್ರಣ ಫಲಕವನ್ನು ತಯಾರಿಸುವ ವಿಧಾನ ಅವರದಾಗಿದ್ದುದರಿಂದ, ಹೊಸ ನಿಲ್ದಾಣ ಬಂದಾಗಲೆಲ್ಲ ತಿದ್ದುವುದು ಸುಲಭವಾಗುತ್ತಿತ್ತು.

ಅಂಗಡಿಯವರು ನಕ್ಷೆಯನ್ನು ಕಿಟಕಿಯ ಬೆಳಕಿಗೆ ತಂದು, ಭೂತಗನ್ನಡಿಯನ್ನೂ ಕೈಗೆ ಕೊಟ್ಟರು. ಗೆರೆಗಳು ಎಲ್ಲಿಯೂ ಚುಕ್ಕೆಗಳಾಗಿ ಒಡೆಯದೆ ಗಟ್ಟಿಯಾಗಿ ಸಾಗಿದ್ದವು. ಈಚಿನ ಆಫ್‌ಸೆಟ್ ಮರುಮುದ್ರಣದ ಬಣ್ಣಗಳಲ್ಲಿ ಸಣ್ಣ ಚುಕ್ಕೆಗಳು ಕಾಣುತ್ತವೆ. ಹೀಗೆ ಪರೀಕ್ಷಿಸಲು ಬಿಡುವ ಅಂಗಡಿ ಅಪರೂಪ. ಆದರೆ ಮಡಿಕೆಯ ಹಿಂಬದಿಗೆ ಸೆಲೋಟೇಪ್ ಅಂಟಿಸಿ, ಕಾಗದ ಹಳದಿಗಟ್ಟುವಂತೆ ಮಾಡಿರುವುದು ನಿಜಕ್ಕೂ ನೋವಿನ ಸಂಗತಿ. ಹಳೆಯ ಕಾಗದಕ್ಕೆ ತೆಳುವಾದ ಜಪಾನಿ ಕಾಗದ ಮತ್ತು ಗೋಧಿಗಂಜಿಯ ಅಂಟೇ ಸರಿ.

1907ರಲ್ಲಿ ನಮ್ಮೂರನ್ನು ಹಾದು ಮಂಗಳೂರು ಮುಟ್ಟಿದ ಮದ್ರಾಸ್ ರೈಲ್ವೆಯ ನಕ್ಷೆ ಮಾತ್ರ ಅಲ್ಲಿ ಸಿಗಲಿಲ್ಲ. ಬಂದರೆ ತಿಳಿಸುವುದಾಗಿ ಹೇಳಿದ್ದಾರೆ.