ಓಪನ್‌ಸಿಪಿಎನ್: ಬೈತಖೋಲದಿಂದ ನೇತ್ರಾಣಿಗೆ ಗೆರೆ ಎಳೆದು ನೋಡಿದರೆ

ಪುಕ್ಕಟೆ ಸಿಗುವ ಸಮುದ್ರಯಾನದ ತಂತ್ರಾಂಶಗಳಲ್ಲಿ ಓಪನ್‌ಸಿಪಿಎನ್‌ಗೆ ಸಾಟಿಯಿಲ್ಲ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ಆದರೆ ಪುಕ್ಕಟೆ ಇರುವುದು ತಂತ್ರಾಂಶ ಮಾತ್ರ. ನಮ್ಮ ಕರಾವಳಿಯ ಚಾರ್ಟ್ (ಕಡಲ ನಕ್ಷೆ) ತಯಾರಿಸುವುದು ಡೆಹ್ರಾಡೂನಿನ ರಾಷ್ಟ್ರೀಯ ಜಲಮಾಪನ ಕಚೇರಿ. ಅದಕ್ಕೆ ಬೇರೆ ದುಡ್ಡು ಕೊಡಬೇಕು. ಇಲ್ಲಿ ಜಿಪುಣತನ ಬೇಡ. ಕಾರವಾರದ ಕದಂಬ ನೌಕಾನೆಲೆ ಶುರುವಾದದ್ದು 2005ರಲ್ಲಿ. ಅದಕ್ಕಿಂತ ತೀರ ಹಳೆಯ ಚಾರ್ಟ್ ಸ್ಕ್ಯಾನ್ ಮಾಡಿ ಹಾಕಿಕೊಂಡರೆ ಅಂಜದೀವ ದ್ವೀಪಕ್ಕೂ ದಡಕ್ಕೂ ನಡುವೆ ಬರೀ ನೀರು ಕಾಣುತ್ತದೆ. ಈಗ ಅಲ್ಲಿರುವುದು ಕಲ್ಲಿನ ತಡೆಗೋಡೆ! ಜೊತೆಗೆ ಆ ಚಾರ್ಟ್ ಡಬ್ಲ್ಯುಜಿಎಸ್-84 (ಜಿಪಿಎಸ್ ಬಳಸುವ ಭೂಅಳತೆಯ ಚೌಕಟ್ಟು) ಆಧಾರದ್ದಲ್ಲದಿದ್ದರೆ ಜಿಪಿಎಸ್ ತೋರಿಸುವ ಜಾಗ ನೂರಾರು ಮೀಟರ್ ಆಚೀಚೆ ಆಗಬಹುದು.

ಕಾರವಾರದ ಬೈತಖೋಲ ಬಂದರಿನಿಂದ ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪಕ್ಕೆ ನೇರ ಗೆರೆ ಎಳೆದರೆ ಸುಮಾರು 48 ನಾಟಿಕಲ್ ಮೈಲು, 7 ನಾಟ್ ವೇಗಕ್ಕೆ ಏಳು ತಾಸು ಎಂದು ತಟ್ಟನೆ ಲೆಕ್ಕ ಬರುತ್ತದೆ. ಆ ಗೆರೆ ನೌಕಾನೆಲೆಯ ನೀರಿಗೇ ನುಗ್ಗಿದರೂ ತಂತ್ರಾಂಶ ತುಟಿ ಬಿಚ್ಚುವುದಿಲ್ಲ. ದೊಡ್ಡ ಹಡಗಿನ ಎಕ್ಡಿಸ್ (ಅಧಿಕೃತ ವಿದ್ಯುನ್ಮಾನ ಚಾರ್ಟ್ ವ್ಯವಸ್ಥೆ) ದಾರಿಯನ್ನು ತಪಾಸಣೆ ಮಾಡಿ ಆಳ ಸಾಲದ ಕಡೆ ಎಚ್ಚರಿಸುತ್ತದೆ. ಓಪನ್‌ಸಿಪಿಎನ್ ತಾನಾಗಿ ಹಾಗೆ ಮಾಡದು. ಇದರ ದೊಡ್ಡ ಕೊರತೆ ಇದೇ. ಮೊದಲು ಪಡುವಣಕ್ಕೆ, ದೇವಗಡ ದ್ವೀಪದ ದೀಪಸ್ತಂಭದ ಕಡೆ ಹೊರಬಿದ್ದು, ಚಾರ್ಟಿನಲ್ಲಿ ಗುರುತಿಸಿದ ನಿಷೇಧಿತ ಗಡಿಯನ್ನು ಪೂರ್ತಿ ಬಿಟ್ಟ ಮೇಲೆ ತೆಂಕಣಕ್ಕೆ ತಿರುಗುವ ಬಿಂದುಗಳನ್ನು ನಾವೇ ಇಡಬೇಕು. ಆಮೇಲೆ ಒಂದೊಂದೇ ತುಂಡನ್ನು ಹಿಗ್ಗಿಸಿ ನೋಡಬೇಕು. ನಕ್ಷೆ ಕುಗ್ಗಿಸಿದಾಗ ಸಣ್ಣ ಬಂಡೆ, ಆಳದ ಅಂಕೆ ಮಾಯವಾಗುತ್ತವೆ. ಅದು ದೋಷವಲ್ಲ, ಪರದೆ ಗಿಜಿಗುಡದಿರಲಿ ಎಂದು ಮಾಡಿದ ಏರ್ಪಾಡು. ಆಳದ ಅಂಕೆ ತೋರಿಸುವ ಆಯ್ಕೆಗೆ ಬೇರೆಯಾಗಿ ಟಿಕ್ ಹಾಕಿರಬೇಕು.

ಸುರಕ್ಷಿತ ಆಳದ ಸೆಟ್ಟಿಂಗನ್ನು ಇದ್ದಂತೆಯೇ ಬಿಡಬೇಡಿ. ಬೋಟು ನೀರಿನೊಳಗೆ 2 ಮೀಟರ್ ಇಳಿಯುವುದಾದರೆ, ಅಲೆಗೆ 1, ತಳದ ಅಂತರಕ್ಕೆ 1 ಸೇರಿಸಿ 4 ಇಡಿ. ಚಾರ್ಟಿನಲ್ಲಿ 4ರ ಆಳರೇಖೆ (ಒಂದೇ ಆಳದ ಜಾಗಗಳನ್ನು ಜೋಡಿಸುವ ಗೆರೆ) ಇಲ್ಲದಿದ್ದರೆ 5ರದ್ದನ್ನೇ ಗಡಿ ಎಂದು ಹಿಡಿಯಿರಿ. ಅಳತೆ ಮೀಟರೋ ಮಾರೋ ಎಂಬುದನ್ನೂ ಒಮ್ಮೆ ನೋಡಿ. ಒಂದು ಮಾರು ಎಂದರೆ 1.83 ಮೀಟರ್. ಮಾರಿನ ಲೆಕ್ಕದಲ್ಲಿ ಪಳಗಿದ ತಾಂಡೇಲನಿಗೆ (ಬೋಟು ನಡೆಸುವವನಿಗೆ) ಪರದೆಯ ಮೀಟರಿನ ‘3’ ಧಾರಾಳವಾಗಿ ಕಂಡೀತು. ಹೊನ್ನಾವರದ ಶರಾವತಿ ಅಳಿವೆಯಲ್ಲಂತೂ ಯಾವ ಅಂಕೆಯನ್ನೂ ನೆಚ್ಚುವಂತಿಲ್ಲ. ಪ್ರತಿ ಮಳೆಗಾಲಕ್ಕೂ ಮರಳದಿಬ್ಬ ಜಾಗ ಬದಲಿಸುತ್ತದೆ. ನೀರು ಏರುವಾಗ, ಊರ ಬೋಟಿನವರನ್ನು ಕೇಳಿಯೇ ಒಳಹೋಗಬೇಕು.

ಯುಎಸ್‌ಬಿ ಜಿಪಿಎಸ್ ಜೋಡಿಸುವುದು ಸುಲಭ. ಪರದೆಯ ಮೇಲಿನ ದೋಣಿ ಬೂದುಬಣ್ಣದಲ್ಲೇ ಉಳಿದರೆ ಸ್ಥಾನದ ಮಾಹಿತಿ ಬರುತ್ತಿಲ್ಲ ಎಂದರ್ಥ. ಸಾಮಾನ್ಯವಾಗಿ ಕಾಮ್ ಪೋರ್ಟ್ (ಜಿಪಿಎಸ್ ಜೋಡಣೆಯ ದ್ವಾರ) ಸಂಖ್ಯೆ ಅಥವಾ ಬಾಡ್ ದರ (ಮಾಹಿತಿ ಹರಿಯುವ ವೇಗ) ತಪ್ಪಿರುತ್ತದೆ. ಹಲವು ರಿಸೀವರುಗಳಿಗೆ ಈ ದರ 4800.

ದಡದಲ್ಲಿ ಕೂತು ಯೋಜನೆ ಹಾಕಲು ಐದಕ್ಕೆ ನಾಲ್ಕೂವರೆ ಅಂಕ, ಕಡಲಲ್ಲಿ ಇದೊಂದನ್ನೇ ನಂಬುವುದಾದರೆ ಎರಡು. ಉಪ್ಪುಗಾಳಿಗೆ ಲ್ಯಾಪ್‌ಟಾಪ್ ಬಾಳುವುದು ಕಷ್ಟ. ತಿರುವುಬಿಂದುಗಳ ಅಕ್ಷಾಂಶ, ರೇಖಾಂಶ, ದಿಕ್ಕನ್ನು ಕಾಗದದ ಚಾರ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಂಡೇ ಹಗ್ಗ ಬಿಚ್ಚಿ.